ಹತ್ತು ಪಿನ್ನಿನ ಜೋಡಿ

"ಹತ್ತು ಪಿನ್ನು ಅಂದ್ರೆ ಹತ್ತು ಪಿನ್ನೇ ಅಮ್ಮ. ಇದಕ್ಕೂ ಹೆಣ್ಣು ಗಂಡು ನೋಡಿ ಕೂಡಿಸೋಕೆ ಬಂದಿದೀರಾ?"

ಪಾರ್ಟ್ಸ್ ಅಂಗಡಿಯವನು ತಲೆ ಎತ್ತಲಿಲ್ಲ. ಸಣ್ಣ ಸ್ಕ್ರೂಡ್ರೈವರಿನ ಹಿಡಿಯಿಂದ ಕಿವಿ ಕೆರೆದುಕೊಳ್ಳುತ್ತಲೇ ಮಾತಾಡಿದ. ಕಿವಿಯ ಕೆಲಸ ಮುಗಿದ ಮೇಲೆ ಅದೇ ಸ್ಕ್ರೂಡ್ರೈವರಿನಿಂದ ಯಾರದೋ ರೇಡಿಯೋದ ಹೊಟ್ಟೆಗೆ ಕೈ ಹಾಕಿದ.

ದಫೇದಾರಮ್ಮ ಕೈಚೀಲ ಬಿಚ್ಚುತ್ತಿದ್ದಳು. ಪೊಲೀಸ್ ಠಾಣೆಯ ಬೆಂಚಿನ ಮೇಲೆ ಇಂಥ ಕಿವಿಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ನಿವೃತ್ತಿಯಾಗಿ ಖಾಕಿ ಕಳಚಿದ್ದರೂ ಊರು ಹೆಸರನ್ನು ಕಳಚಿಕೊಟ್ಟಿರಲಿಲ್ಲ.

ಅವಳು ಕೌಂಟರಿನ ಮೇಲೆ ಒಂದು ಗೇಣುದ್ದದ ಕೇಬಲ್ ತುಂಡು ಇಟ್ಟಳು. ಅದರ ತುದಿಯಲ್ಲಿ ಬಿಳಿಯ ಪ್ಲಗ್ಗು, ಪ್ಲಗ್ಗಿನಲ್ಲಿ ಸಾಲಾಗಿ ಹತ್ತು ತೂತು.

ಹ್ಯಾಚರಿಯ ಕಾವು ಯಂತ್ರದಲ್ಲಿ ಮೊಟ್ಟೆಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋದದ್ದು, ಶಾಖವನ್ನು ಹಿಡಿತದಲ್ಲಿಡುವ ಬೋರ್ಡು ಡಬ್ಬಿಯಿಂದ ಮಾಯವಾಗಿ ಈ ಕೇಬಲ್ಲೊಂದೇ ಜೋಲಾಡುತ್ತಿದ್ದದ್ದು ಅವಳಿಗೆ ಆ ಬೆಳಗ್ಗೆಯಷ್ಟೇ ತಿಳಿದಿತ್ತು.

ಹ್ಯಾಚರಿಯ ಯಜಮಾನನ ಮಟ್ಟಿಗೆ ವಿಷಯ ಆಗಲೇ ಇತ್ಯರ್ಥವಾಗಿತ್ತು. ಯಂತ್ರದ ಕೋಣೆಯಲ್ಲಿದ್ದವಳು ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು, ಅಂದಿನಿಂದ ಮೊಟ್ಟೆ ಜೋಡಿಸುವುದು, ಹೊರಳಿಸುವುದು, ಬೆಳಕಿಗೆ ಹಿಡಿದು ನೋಡುವುದು ಎಲ್ಲ ಅವಳದೇ. ಚಿಕ್ಕವರಿಂದ ದೊಡ್ಡವರ ತನಕ ಅವಳನ್ನು ಕಾವಕ್ಕ ಎಂದೇ ಕರೆಯುತ್ತಿದ್ದರು. ಯಜಮಾನ ಹೇಳುವ ಪ್ರಕಾರ ಕಾವಕ್ಕ ಬೋರ್ಡಿನಲ್ಲಿ ಏನೋ ಕೈಯಾಡಿಸಿದಳು, ಮೊಟ್ಟೆ ಬೆಂದವು, ಹೆದರಿ ಬೋರ್ಡನ್ನು ಕಿತ್ತು ಎಲ್ಲಿಯೋ ಎಸೆದಳು.

ಆ ಸಂಜೆ ಪಾಲುದಾರರು ಸೇರುವವರಿದ್ದರು. ಅವರ ಮುಂದೆ ತಂಗಿಯ ತಪ್ಪು ಇಂಥದ್ದು ಎಂದು ಹೇಳಿಸಿ, ಅವಳನ್ನು ದೂರದ ನೆಂಟರ ಮನೆಗೆ ಕಳಿಸಿಬಿಡುವುದು ಎಂದು ಯಜಮಾನ ತೀರ್ಮಾನಿಸಿದ್ದ. ಅಲ್ಲಿ ಅವಳಿಗೆ ಒಂದು ಮೂಲೆ, ಎರಡು ಎಮ್ಮೆ, ಮತ್ತು ಉಳಿದ ಆಯುಷ್ಯವೆಲ್ಲ ಇನ್ನೊಬ್ಬರ ಹಂಗಿನ ಊಟ. ಪೊಲೀಸರನ್ನು ಕರೆದರೆ ಮನೆತನದ ಮರ್ಯಾದೆ ಹೋಗುತ್ತದೆಂದು ಪಿಂಚಣಿಯ ದಫೇದಾರಮ್ಮನನ್ನು ಕರೆಸಿದ್ದ. ತನಿಖೆ ಅವನಿಗೆ ಬೇಕಿರಲಿಲ್ಲ, ತನಿಖೆಯಾಯಿತು ಎನ್ನಲು ಒಂದು ಮುಖ ಬೇಕಿತ್ತು.

ಕಾವಕ್ಕನಾದರೂ ಬಾಯಿ ಬಿಡಬಾರದೇ? ಮೂರು ಸಲ ಕೇಳಿದರೆ ಮೂರು ಸಲವೂ ಸೆರಗಿನ ತುದಿ ಸರಿಮಾಡಿಕೊಂಡು ಸುಮ್ಮನಾಗಿದ್ದಳು. ಬಾಯಿದ್ದೂ ಬಾಯಿಲ್ಲದವರ ಮೇಲೆ ದಫೇದಾರಮ್ಮನಿಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಆದರೆ ಕೇಬಲ್ಲು ಸುಮ್ಮನಿರಲಿಲ್ಲ. ಅದರ ಹೊದಿಕೆ ಮುದುಕನ ಹಲ್ಲಿನಂತೆ ಹಳದಿಯಾಗಿತ್ತು. ಪ್ಲಗ್ಗು ಮಾತ್ರ ಹಾಲುಹಲ್ಲಿನಂತೆ ಬೆಳ್ಳಗಿತ್ತು. ಹಳೆಯ ಕೇಬಲ್ಲಿಗೆ ಯಾರೋ ಹೊಸ ಪ್ಲಗ್ಗು ಹಾಕಿದ್ದರು. ಹೊಸ ಪ್ಲಗ್ಗು ಎಂದರೆ ಅದು ಹೋಗಿ ಕೂರಲು ಹೊಸ ಬೋರ್ಡೊಂದು ಇತ್ತು ಎಂದಾಯಿತು. ಕಂಪನಿಯ ಬೋರ್ಡು ಎಂದೋ ಹೋಗಿ, ಆ ಜಾಗದಲ್ಲಿ ಇನ್ಯಾರದೋ ಬೋರ್ಡು ಕೂತಿತ್ತು.

ಯಂತ್ರದ ಮೆಕ್ಯಾನಿಕ್ಕನ ಮೇಲೆ ಅವಳಿಗೆ ಮೊದಲು ಸಂಶಯವಿತ್ತು. ಪ್ಲಗ್ಗನ್ನು ಕಂಡ ಮೇಲೆ ಬಿಟ್ಟುಕೊಟ್ಟಳು. ಅವನು ಎರಡು ವೈರು ಕಂಡರೆ ಹಲ್ಲಿನಲ್ಲಿ ಸಿಪ್ಪೆ ಸುಲಿದು ಹೊಸೆದು ಟೇಪು ಸುತ್ತುವ ಪೈಕಿ. ಹತ್ತು ವೈರನ್ನು ಹತ್ತು ತೂತಿಗೆ ಪೋಣಿಸುವ ತಾಳ್ಮೆ ಅವನ ಏಳು ತಲೆಮಾರಿಗೂ ಇರಲಿಲ್ಲ.

"ಬೋರ್ಡಿನ ಮೇಲೆ ಬೆಸೆಯೋ ಸಾಕೆಟ್ಟು ಬೇಕು," ಎಂದಳು. "ಈ ಪ್ಲಗ್ಗಿಗೆ ಜೋಡಿಯಾಗೋದು."

ಅಂಗಡಿಯವನು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಎಳೆದು ಕೌಂಟರಿನ ಮೇಲೆ ಸುರಿದ. ಬಿಳಿಯ ಸಾಕೆಟ್ಟುಗಳ ರಾಶಿ. ಪ್ರತಿಯೊಂದರಲ್ಲೂ ಗೋಡೆಗಳ ನಡುವೆ ಹತ್ತು ಪಿನ್ನು, ಬೆಸುಗೆಗೆಂದು ಕೆಳಗೆ ಹತ್ತು ಕಾಲು. ಒಂದನ್ನು ಹೆಕ್ಕಿ ಅವಳ ಮುಂದೆ ತಳ್ಳಿದ.

ಪ್ಲಗ್ಗು ಒಂದು ತುದಿಯಲ್ಲಿ ಇಳಿಯಿತು. ಇನ್ನೊಂದು ತುದಿ ಮೊಂಡು ಎತ್ತಿನ ಹಾಗೆ ತಲೆ ಎತ್ತಿಯೇ ನಿಂತಿತು.

"ಒತ್ತಿ, ಕೂತ್ಕೊಳ್ಳುತ್ತೆ," ಎಂದು ಅವನು ಹೆಬ್ಬೆರಳು ಮುಂದೆ ಮಾಡಿದ. ಅವಳು ಅವನ ಬೆರಳನ್ನು ಪಕ್ಕಕ್ಕೆ ಸರಿಸಿ ರಾಶಿಯಿಂದ ಇನ್ನೊಂದನ್ನು ತೆಗೆದಳು. ಅದು ಬೆಣ್ಣೆಯೊಳಗೆ ಚಾಕು ಇಳಿದಂತೆ ಕೂತಿತು.

ಎರಡು ಸಾಕೆಟ್ಟುಗಳನ್ನೂ ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದಳು. ಮೊದಲನೆಯ ಪಿನ್ನು ಮೊದಲನೆಯದಕ್ಕೆ ಸರಿಯಾಗಿ ನಿಂತಿತ್ತು. ಎರಡು, ಮೂರು ಕೂಡ ಪರವಾಗಿಲ್ಲ. ಮುಂದೆ ಹೋದಂತೆ ಕೂದಲೆಳೆ ಕೂದಲೆಳೆಯಾಗಿ ಸರಿಯುತ್ತ, ಹತ್ತನೆಯದರ ಹೊತ್ತಿಗೆ ಎರಡೂ ಮುಖ ತಿರುಗಿಸಿಕೊಂಡ ನೆರೆಮನೆಯವರಂತೆ ನಿಂತಿದ್ದವು.

ಇದು ಅವಳಿಗೆ ಹೊಸದಲ್ಲ. ಅವಳ ಅಪ್ಪ ಬಿತ್ತುವ ಕೂರಿಗೆಯನ್ನೂ ಕಳೆ ತೆಗೆಯುವ ಎಡೆಕುಂಟೆಯನ್ನೂ ಒಂದೇ ಅಳತೆಗೋಲಿನಿಂದ ಮಾಡಿಸುತ್ತಿದ್ದ. ಪಕ್ಕದ ಹೊಲದವನು ಕಣ್ಣಳತೆಯ ಧೀರ. ಅವನ ಕುಂಟೆ ಮೊದಲ ಸಾಲಿನಲ್ಲಿ ಕಳೆಯನ್ನು ಕಿತ್ತರೆ ಕೊನೆಯ ಸಾಲಿನಲ್ಲಿ ಪೈರನ್ನೇ ಕೀಳುತ್ತಿತ್ತು. ಆಮೇಲೆ ಅವನು ಬದುವಿನ ಮೇಲೆ ನಿಂತು ಎತ್ತುಗಳನ್ನು ಬೈಯುತ್ತಿದ್ದ.

ಎರಡು ಬಗೆಯದನ್ನು ಒಂದೇ ಡಬ್ಬಿಯಲ್ಲಿ ಏಕೆ ಸುರಿದಿದ್ದೀಯೆಂದು ಕೇಳಿದಳು. ಜಾಗ ಸಾಲದು ಎಂದ. ಗಿರಾಕಿಗಳು ಪಿನ್ನು ಎಷ್ಟು ಎಂದು ಕೇಳುತ್ತಾರೆಯೇ ಹೊರತು ಪಿನ್ನಿನಿಂದ ಪಿನ್ನಿಗೆ ದೂರ ಎಷ್ಟು ಎಂದು ಈವರೆಗೆ ಯಾವನೂ ಕೇಳಿಲ್ಲ ಎಂದ. ಎರಡು ಮೂರು ಪಿನ್ನಿನದಾದರೆ ಯಾವುದು ಹಾಕಿದರೂ ನಡೆಯುತ್ತದೆ, ಹತ್ತರಲ್ಲಿ ಸ್ವಲ್ಪ ಬಿಗಿ ಅಷ್ಟೆ ಎಂದ. ತನ್ನ ಸೋಮಾರಿತನವನ್ನು ಅವನು ಬೇರೆಯವರ ದಡ್ಡತನದ ಮೇಲೆ ಕಟ್ಟಿಕೊಂಡಿದ್ದ, ಮನೆ ಗಟ್ಟಿಯಾಗಿಯೇ ನಿಂತಿತ್ತು.

ಅವನ ಭೂತಗನ್ನಡಿ ಇಸಿದುಕೊಂಡು ಅವಳು ತನ್ನ ಪ್ಲಗ್ಗನ್ನು ನಿಧಾನವಾಗಿ ನೋಡಿದಳು.

ಒಂಬತ್ತು ತೂತುಗಳು ಅಚ್ಚುಕಟ್ಟಾಗಿದ್ದವು. ಹತ್ತನೆಯದರ ಹೊರಅಂಚು ಮಾತ್ರ ಹಿಗ್ಗಿತ್ತು. ಅಲ್ಲಿ ಪ್ಲಾಸ್ಟಿಕ್ಕು ಬಿರಿದು ಪುಡಿ ಪುಡಿಯಾಗಿತ್ತು. ಅದೇ ಕಡೆಯ ಬದಿಯಲ್ಲಿ, ಒತ್ತಿ ಒತ್ತಿ ಕೂರಿಸಿದ ಉಗುರಿನ ಗೀರು.

ಅವಳು ಗಾಜನ್ನು ಕೆಳಗಿಟ್ಟಳು. ಬೆಳಗಿನಿಂದ ತಾನು ಹುಡುಕುತ್ತಿದ್ದುದೇ ತಪ್ಪು. ಈ ಪ್ಲಗ್ಗಿಗೆ ಸರಿಯಾಗಿ ಕೂರುವ ಸಾಕೆಟ್ಟು ಇದರ ಜೋಡಿಯಲ್ಲ. ಇದು ಬಾಳಿದ್ದು ಸರಿಹೋಗದ ಸಾಕೆಟ್ಟಿನ ಜೊತೆ. ಆ ಸಾಕೆಟ್ಟಿನ ಗೋಡೆ ಕೆರೆದಿರಬೇಕು, ಹತ್ತನೆಯ ಪಿನ್ನು ಬಾಗಿರಬೇಕು.

"ಇದು ಕೂರೋದಿಲ್ಲ ಅಂತ ವಾಪಸು ತಂದವರು ಯಾರಾದ್ರೂ ಇದಾರಾ?"

ಅಂಗಡಿಯವನು ಈಗ ಮೊದಲ ಸಲ ತಲೆ ಎತ್ತಿದ. ನಗಲು ಒಂದು ನೆಪ ಸಿಕ್ಕಿತ್ತು.

"ಒಬ್ಬ ಬಂದಿದ್ದ. ನಮ್ಮ ಕೋಳಿ ಇಂಜಿನಿಯರು. ದೊಡ್ಡ ಭಾಷಣ ಮಾಡ್ದ, ಸ್ಟ್ಯಾಂಡರ್ಡು, ಗಿಂಡರ್ಡು ಅಂತ. ಬ್ಲೇಡು ತಗೊಂಡು ಗೋಡೆ ಕೆರೆದು ಒತ್ತಪ್ಪ, ಇಲ್ಲಾಂದ್ರೆ ನಿಮ್ಮಾವನ್ನ ಕೇಳಿ ಬೇರೆ ಅಂಗಡಿ ಹಾಕಿಸ್ಕೋ ಅಂದೆ. ಹೋದ."

ಕೋಳಿ ಇಂಜಿನಿಯರು ಎಂದರೆ ಯಜಮಾನನ ಅಳಿಯ. ಮನೆಯಳಿಯ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದ್ದು ಎಷ್ಟು ನಿಜವೋ ಅರ್ಧಕ್ಕೇ ಇಳಿದದ್ದೂ ಅಷ್ಟೇ ನಿಜ. ಹತ್ತಿದ್ದನ್ನು ಅವನು ಹೇಳುತ್ತಿದ್ದ, ಇಳಿದದ್ದನ್ನು ಊರು ಹೇಳುತ್ತಿತ್ತು.

ಹ್ಯಾಚರಿಯ ಮನೆಯ ಮಹಡಿಯಲ್ಲಿ ಅವನದೊಂದು ಕೋಣೆ. ದಫೇದಾರಮ್ಮ ಮೆಟ್ಟಿಲೇರಿ ಹೋದಾಗ ಕೆಳಗೆ ಹಜಾರದಲ್ಲಿ ಪಾಲುದಾರರಿಗೆ ಕುರ್ಚಿ ಹಾಕುತ್ತಿದ್ದರು. ಅಳಿಯನ ಮೇಜಿನ ತುಂಬ ವೈರು, ತಗಡು, ಬಿಚ್ಚಿ ಮುಚ್ಚಲಾಗದ ಯಂತ್ರಗಳು. ಗೋಡೆಯ ಮೇಲೆ ಮಾವನ ಜೊತೆ ತೆಗೆಸಿಕೊಂಡ ಫೋಟೋ. ಫೋಟೋದಲ್ಲಿ ಮಾವ ಬೇರೆ ಕಡೆ ನೋಡುತ್ತಿದ್ದ.

ಅವನು ಅವಳನ್ನು ಕೂರಲು ಹೇಳಲಿಲ್ಲ. ಅವಳು ಮಂಚದ ಎದುರಿಗಿದ್ದ ಸ್ಟೂಲಿನ ಮೇಲಿನ ರೇಡಿಯೋ ಎತ್ತಿ ನೆಲಕ್ಕಿಟ್ಟು ತಾನೇ ಕೂತಳು. ಹತ್ತು ಪಿನ್ನಿನ ಪ್ಲಗ್ಗನ್ನು ತೋರಿಸಿ, ಇದರ ಬಗ್ಗೆ ತಿಳಿದವರು ಊರಿಗೊಬ್ಬರೇ ಅಂತೆ, ಸ್ವಲ್ಪ ಹೇಳಿ ಎಂದಳು.

ಅವನಿಗೆ ಅಷ್ಟು ಸಾಕಾಯಿತು. ಕನೆಕ್ಟರುಗಳಲ್ಲಿ ಎಷ್ಟು ವಂಶಗಳಿವೆ, ಹೊರದೇಶದವರು ಕೂದಲೆಳೆಯನ್ನು ಹೇಗೆ ಸೀಳಿ ಅಳೆಯುತ್ತಾರೆ, ಈ ಊರಿನಲ್ಲಿ ಅವನ್ನೆಲ್ಲ ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲದ ದುಃಖ ಎಂಥದ್ದು ಎಂದು ವಿವರಿಸಿದ. ಕಾವು ಯಂತ್ರದ ಬೋರ್ಡಿನ ಕೆಲಸವೇ ಹೀಟರನ್ನು ಹೊತ್ತಿಗೆ ಸರಿಯಾಗಿ ಆರಿಸುವುದು, ಬೋರ್ಡಿಲ್ಲದಿದ್ದರೆ ಹೀಟರು ಉರಿಯುತ್ತಲೇ ಇರುತ್ತದೆ, ಇಷ್ಟು ಸಣ್ಣ ವಿಷಯ ಕಾವಕ್ಕನಂಥವರ ತಲೆಗೆ ಹೋಗುವುದಿಲ್ಲ ಎಂದು ಮರುಗಿದ. ದಫೇದಾರಮ್ಮ ಕಳ್ಳರನ್ನು ಮಾತಾಡಿಸುವಾಗ ಹೇಗೆ ತಲೆದೂಗುತ್ತಿದ್ದಳೋ ಹಾಗೆ ತಲೆದೂಗಿದಳು. ನೀರು ತಾನಾಗಿ ಹರಿಯುವಾಗ ಕಾಲುವೆ ತೋಡಬಾರದು.

ಅವಳು ಕೇಳದೆಯೇ ಅವನು ಮೂರು ಬೋರ್ಡು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ. ಮೂರರಲ್ಲೂ ಹತ್ತು ಪಿನ್ನಿನ ಸಾಕೆಟ್ಟು. ಅವಳು ಪ್ಲಗ್ಗನ್ನು ಒಂದೊಂದಕ್ಕೂ ಹಾಕಿ ನೋಡಿದಳು. ಮೂರರಲ್ಲೂ ಬೆಣ್ಣೆಯಂತೆ ಇಳಿಯಿತು.

"ನೋಡಿದ್ರಲ್ಲ," ಎಂದ. "ಪರ್ಫೆಕ್ಟ್. ನನ್ನ ಕೆಲಸ ಅಂದ್ರೆ ಹೀಗೆ. ಯಾವುದು ಬೇಕಾದ್ರೂ ತಗೊಂಡ್ಹೋಗಿ ಪರೀಕ್ಷೆ ಮಾಡಿಸಿ."

"ಇವೆಲ್ಲ ಆಮೇಲೆ ಮಾಡಿದ್ದು. ಬ್ಲೇಡಲ್ಲಿ ಕೆರೆದಿದ್ದು ಎಲ್ಲಿ?"

"ಯಾವ ಬ್ಲೇಡು?"

"ಅಂಗಡಿಯವನು ಹೇಳ್ಕೊಟ್ಟ ಬ್ಲೇಡು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅಳಿಯ ಹೆಗಲು ನೋಡಿಕೊಳ್ಳಲಿಲ್ಲ, ಮಂಚ ನೋಡಿದ. ಒಂದು ಕ್ಷಣ, ಅಷ್ಟೆ. ಕಣ್ಣನ್ನು ಕಿಟಕಿಗೆ ಎಳೆದುಕೊಳ್ಳುವಷ್ಟರಲ್ಲಿ ಅವಳು ಎದ್ದು ಹಾಸಿಗೆಯ ಮೂಲೆ ಎತ್ತಿದ್ದಳು.

ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದ ಬೋರ್ಡು. ಸಾಕೆಟ್ಟಿನ ಒಂದು ಗೋಡೆ ಇಲಿ ಕಡಿದ ರೊಟ್ಟಿಯಂತೆ ಕೆರೆದುಹೋಗಿತ್ತು. ಒಂಬತ್ತು ಪಿನ್ನು ನೆಟ್ಟಗೆ. ಹತ್ತನೆಯದು ಒಳಕ್ಕೆ ಬಾಗಿ ನಿಂತಿತ್ತು.

ಅವಳು ಪ್ಲಗ್ಗನ್ನು ಓರೆ ಹಿಡಿದು, ಒಂದು ತುದಿಯನ್ನು ಮೊದಲು ಇಳಿಸಿ, ಇನ್ನೊಂದನ್ನು ಉಗುರಿನಿಂದ ಒತ್ತಿದಳು. ಕಿರ್ ಎಂದು ಕೂತಿತು. ಜಗಳವಾಡುತ್ತಲೇ ಬಾಳಿ ಒಬ್ಬರ ಗಾಯ ಇನ್ನೊಬ್ಬರಿಗೆ ಅಚ್ಚಾದ ಗಂಡಹೆಂಡಿರ ಹಾಗೆ, ಅಲ್ಲಾಡಿಸಿದರೂ ಬಿಡಲಿಲ್ಲ.

ಅಳಿಯನ ವಿದ್ವತ್ತು ಮಂಚದ ಮೇಲೆ ಕುಸಿದು ಕೂತಿತು. ಅವನು ಹೇಳಿದ್ದೆಲ್ಲ ಹೇಡಿಯ ಕ್ರಮದಲ್ಲಿ ಬಂತು, ಮೊದಲು ತಾನು ಮಾಡದಿದ್ದದ್ದು, ಆಮೇಲೆ ಮಾಡಿದ್ದು. ಮಾವನಿಗೆ ತನ್ನ ಬೆಲೆ ತೋರಿಸಲೆಂದು ಕಂಪನಿಯ ಬೋರ್ಡು ತೆಗೆದು ತನ್ನದನ್ನು ಕೂರಿಸಿದ್ದ. ಒಂದಷ್ಟು ಕಾಲ ಚೆನ್ನಾಗಿ ನಡೆದ ಮೇಲೆ ಹೇಳೋಣವೆಂದಿದ್ದ. ಅಷ್ಟರಲ್ಲಿ ಆ ಮಧ್ಯಾಹ್ನ ಬಂತು.

"ಬೋರ್ಡು ಕಿತ್ತಿದ್ದು ನಾನಲ್ಲ," ಎಂದ. "ಕಾವಕ್ಕ. ಅವರೇ ಕಿತ್ತು ತಂದು ನನ್ನ ಕೈಗಿಟ್ರು. ಇದನ್ನ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಕೋ, ಯಾರು ಕೇಳಿದ್ರೂ ನಂಗೆ ಗೊತ್ತಿಲ್ಲ ಅನ್ನು ಅಂದ್ರು."

"ಯಾಕೆ ಅಂತ ಕೇಳಲಿಲ್ವಾ?"

"ಕೇಳೋದೇನಿದೆ? ನನ್ನ ಬೋರ್ಡು ಕೈಕೊಟ್ಟು ಮೊಟ್ಟೆ ಬೆಂದವು. ನನ್ನ ಮಾನ ಉಳಿಸೋಕೆ ಮಾಡಿದ್ರು ಅಂದ್ಕೊಂಡೆ."

"ಅಂದ್ಕೊಂಡು ಸುಮ್ಮನಿದ್ರಿ."

ಅವನು ಟವೆಲ್ಲಿನ ಅಂಚು ಮಡಿಸತೊಡಗಿದ.

"ಕೆಳಗೆ ಕುರ್ಚಿ ಹಾಕೋದು ಕೇಳಿಸ್ತಿತ್ತು ತಾನೇ ನಿಮಗೆ? ಆಕೆ ಗಂಟು ಕಟ್ಟಿಟ್ಟಿದ್ದಾಳೆ. ನೀವು ಇಲ್ಲಿ ಕೂತು ನಂಗೆ ಕೂದಲೆಳೆ ಸೀಳೋದನ್ನ ಹೇಳ್ಕೊಡ್ತಿದ್ರಿ."

"ಹೆಣ್ಣು ಕೊಟ್ಟ ಮನೇಲಿ ಊಟ ಮಾಡೋನ ಕಷ್ಟ ನಿಮಗೆ ಗೊತ್ತಾಗಲ್ಲ ಮೇಡಂ," ಎಂದ ಅಳಿಯ ತಗ್ಗಿದ ದನಿಯಲ್ಲಿ.

"ಊಟಕ್ಕೇನು ಕಷ್ಟ ಆದಂಗೆ ಕಾಣಲ್ಲ," ಎಂದು ಅವನ ಹೊಟ್ಟೆಯತ್ತ ಒಮ್ಮೆ ನೋಡಿ, ಬೋರ್ಡನ್ನು ಟವೆಲ್ಲಿನ ಸಮೇತ ಎತ್ತಿಕೊಂಡಳು. "ನಡೀರಿ ಮುಂದೆ."

ಹಜಾರದಲ್ಲಿ ಪಾಲುದಾರರು ಬಂದು ಕೂತಿದ್ದರು. ನಾಲ್ಕಾರು ಜನ, ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡವರು. ನಡುವೆ ಯಜಮಾನ. ಕಾವಕ್ಕ ಬಾಗಿಲ ಪಕ್ಕದ ಗೋಡೆಗೆ ನಿಂತಿದ್ದಳು. ಅವಳಿಗೆ ಕುರ್ಚಿ ಹಾಕಿರಲಿಲ್ಲ. ಕಾಲ ಬಳಿ ಒಂದು ಬಟ್ಟೆಯ ಚೀಲ.

ದಫೇದಾರಮ್ಮ ಬೋರ್ಡನ್ನು ಮಧ್ಯದ ಮೇಜಿನ ಮೇಲಿಟ್ಟು ಪ್ಲಗ್ಗನ್ನು ಅದಕ್ಕೆ ಕೂರಿಸಿ ತೋರಿಸಿದಳು. ಅಂಗಡಿಯ ಡಬ್ಬಿ, ಬ್ಲೇಡು, ಬಾಗಿದ ಪಿನ್ನು, ಹಾಸಿಗೆ ಎಲ್ಲವನ್ನೂ ಅವಸರವಿಲ್ಲದೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಪಾಲುದಾರರ ತಲೆಗಳು ಬಾಗಿಲ ಕಡೆಯಿಂದ ಮೆಟ್ಟಿಲ ಕಡೆಗೆ ಹೊರಳಿದ್ದವು. ಕಾವಕ್ಕನನ್ನು ನೋಡುತ್ತಿದ್ದ ಅದೇ ಮುಖವನ್ನು ಕಿಂಚಿತ್ತೂ ಬದಲಿಸದೆ ಈಗ ಅಳಿಯನಿಗೆ ತೋರಿಸುತ್ತಿದ್ದರು. ಹೊಸ ಮುಖ ಮಾಡಿಕೊಳ್ಳುವ ಶ್ರಮ ಅವರಿಗೆ ಬೇಕಿರಲಿಲ್ಲ.

ಯಜಮಾನನಿಗೆ ಕೋಪ ಬರುತ್ತದೆಂದು ದಫೇದಾರಮ್ಮ ಎಣಿಸಿದ್ದಳು. ಬರಲಿಲ್ಲ. ಅವನು ಬೋರ್ಡನ್ನು ನೋಡಿದ, ಅಳಿಯನನ್ನು ನೋಡಿದ, ಭಾರ ಇಳಿಸಿದವನ ಹಾಗೆ ಉಸಿರು ಬಿಟ್ಟ. ಹುಡುಗಾಟಕ್ಕೆ ಆದ ತಪ್ಪು, ಮನೆಯೊಳಗಿನ ವಿಷಯ, ಇನ್ನು ಇದನ್ನು ಇಲ್ಲಿಗೇ ಬಿಡೋಣ ಎಂದ. ತಂಗಿಯ ತಪ್ಪಾಗಿದ್ದಾಗ ಅದು ಪಾಲುದಾರರ ವಿಷಯವಾಗಿತ್ತು.

"ಹಾಗಾದ್ರೆ ಕಾವಕ್ಕ ಎಲ್ಲಿಗೂ ಹೋಗೋದು ಬೇಡ ಅಂತಾಯ್ತು," ಎಂದಳು ದಫೇದಾರಮ್ಮ. ತನ್ನ ಕೆಲಸ ಮುಗಿಯಿತು ಎಂದು ಅವಳಿಗನ್ನಿಸಿತ್ತು. ಬಾಯಿಲ್ಲದವಳನ್ನು ಉಳಿಸಿದ ಹಗುರವೂ, ಇಂಥವಳನ್ನು ಉಳಿಸಿದರೆಷ್ಟು ಬಿಟ್ಟರೆಷ್ಟು ಎಂಬ ಅಸಡ್ಡೆಯೂ ಒಟ್ಟಿಗೇ ಇದ್ದವು.

"ಅವನ ಬೋರ್ಡು ಕೆಟ್ಟಿರಲಿಲ್ಲ."

ಯಾರು ಮಾತಾಡಿದ್ದೆಂದು ಎಲ್ಲರೂ ತಿರುಗಿ ನೋಡಬೇಕಾಯಿತು. ಕಾವಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು.

"ಸುಮ್ಮನಿರು ನೀನು," ಎಂದ ಯಜಮಾನ.

"ನಿನ್ನ ಮಾನ ಉಳೀಲಿ ಅಂತ ಇಷ್ಟು ದಿನ ಸುಮ್ಮನೇ ಇದ್ದೆನಲ್ಲಣ್ಣ." ಅವಳು ದಫೇದಾರಮ್ಮನ ಕಡೆ ತಿರುಗಿದಳು. "ಮೊಟ್ಟೆ ಬೆಂದ ಮೇಲೆ ನಾನು ಬೋರ್ಡು ಕಿತ್ತೆ ಅಂದ್ಕೊಂಡಿದಾನೆ ಈ ಪೆದ್ದ. ಕಿತ್ತಿದ್ದು ಮೊದಲು. ಬೆಂದಿದ್ದು ಆಮೇಲೆ. ಅದಿದ್ರೆ ಹೀಟರು ಆರ್ತಿತ್ತು. ಆರಬಾರದು ಅಂತಲೇ ಕಿತ್ತೆ."

ದಫೇದಾರಮ್ಮನ ಕೈ ಬೋರ್ಡಿನ ಮೇಲೆಯೇ ನಿಂತಿತು. ಜೋಡಿ ಹುಡುಕುವ ಅಬ್ಬರದಲ್ಲಿ ಯಾವುದು ಮುಂಚೆ, ಯಾವುದು ಆಮೇಲೆ ಎಂದು ಅವಳು ಕೇಳಿಯೇ ಇರಲಿಲ್ಲ.

"ನೀವೇ ಬೇಯಿಸಿದ್ರಾ?"

"ಬಾಗಿಲು ಹಾಕ್ಕೊಂಡು, ಪೂರಾ ಬೇಯೋ ತನಕ ಒಳಗೇ ಕೂತಿದ್ದೆ. ಎಷ್ಟೋ ಮೊಟ್ಟೇಲಿ ಮರಿ ಚಿಪ್ಪು ಕುಟ್ಟೋದು ಕೇಳಿಸ್ತಿತ್ತು." ಅವಳ ದನಿ ಏರಲಿಲ್ಲ, ಒಡೆಯಲಿಲ್ಲ. "ಆ ಮರಿ ಹೊರಗೆ ಬರಬಾರದಿತ್ತು. ಯಾಕೆ ಅಂತ ನನ್ನ ಕೇಳ್ಬೇಡಿ. ಆ ಮೊಟ್ಟೆ ಯಾವ ಫಾರಮ್ಮಿಂದ ಬಂತು ಅಂತ ನಮ್ಮಣ್ಣನ್ನ ಕೇಳಿ. ಆ ಫಾರಮ್ಮಿಗೆ ರೋಗ ಬಿದ್ದ ಮೇಲೆ ಈಗ ಎಷ್ಟು ಕೋಳಿ ಬದುಕಿದಾವೆ ಅಂತಾನೂ ಕೇಳಿ."

ಪಾಲುದಾರರ ಕೈಗಳು ಮೊಣಕಾಲಿನಿಂದ ಎದ್ದವು. ಯಾರೂ ಯಜಮಾನನನ್ನು ಏನೂ ಕೇಳಲಿಲ್ಲ. ಅವರಲ್ಲಿ ಇಬ್ಬರು ನೆಲ ನೋಡುತ್ತಿದ್ದುದನ್ನು ದಫೇದಾರಮ್ಮ ಕಂಡಳು. ಕೇಳುವುದಕ್ಕೇನೂ ಉಳಿಯದವರು ಹಾಗೆ ನೆಲ ನೋಡುತ್ತಾರೆ.

"ನಿನ್ನೆ ಅಲ್ಲಿಂದಾನೇ ಇನ್ನೊಂದು ಗಾಡಿ ಬಂದಿದೆ," ಎಂದಳು ಕಾವಕ್ಕ. "ಎರಡನೇ ಮಷೀನಲ್ಲಿ ಕಾವಿಗೆ ಕೂರಿಸಿದಾರೆ. ಅದಕ್ಕೇ ನಾನು ಇವತ್ತೇ ಇಲ್ಲಿಂದ ಹೊರಡಬೇಕು ಅಂತ ಅಣ್ಣನ ಹಟ."

ಯಜಮಾನ ಎದ್ದು ನಿಂತ. ತಂಗಿಗೆ ತಲೆ ಕೆಟ್ಟಿದೆ ಎಂದು ಪಾಲುದಾರರಿಗೆ ಹೇಳಿದ. ದಫೇದಾರಮ್ಮನಿಗೆ, ನಿಮ್ಮ ಕೆಲಸ ಮುಗಿಯಿತು, ಹೊರಡಬಹುದು ಎಂದ. ಆಮೇಲೆ ಅಳಿಯನ ಕಡೆ ತಿರುಗಿ, ಈಚೆಗೆಂದೂ ಆಡದಷ್ಟು ಮೃದುವಾಗಿ ಹೇಳಿದ.

"ಗಾಡಿ ತೆಗಿಯಪ್ಪ. ಕಾವಕ್ಕನ್ನ ಬಿಟ್ಟು ಬಾ."

ಕಾವಕ್ಕ ಅಳಿಯನ ಮುಖವನ್ನೇ ನೋಡುತ್ತಿದ್ದಳು. ಅವನ ಗುಟ್ಟನ್ನು ಇಷ್ಟು ದಿನ ತನ್ನ ಮೇಲೆ ಹೊತ್ತುಕೊಂಡಿದ್ದವಳು ನೋಡುತ್ತಿದ್ದಳು. ಅವನು ಒಮ್ಮೆ ಮೇಜಿನ ಮೇಲಿದ್ದ ತನ್ನ ಬೋರ್ಡನ್ನು ನೋಡಿದ, ಒಮ್ಮೆ ಮಾವನನ್ನು. 'ಅಪ್ಪ' ಎಂದು ಮಾವ ಕರೆದದ್ದು ಇದೇ ಮೊದಲು.

ಅವನು ಬಗ್ಗಿ ಕಾವಕ್ಕನ ಚೀಲವನ್ನು ಎತ್ತಿಕೊಂಡ.

ದಫೇದಾರಮ್ಮ ಹಿಂದಕ್ಕೆ ಸರಿದು, ಕಾವಕ್ಕನನ್ನು ಯಾರೂ ಹೊರಗೆ ಒಯ್ಯದ ಹಾಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಯಜಮಾನ ಅವಳತ್ತ ನಡೆದು ಬರುತ್ತಿದ್ದ, ನೆಲ ನೋಡುತ್ತಿದ್ದ ಆ ಇಬ್ಬರೂ ಅವನ ಹಿಂದೆ ಎದ್ದಿದ್ದರು.